ತುರ್ತು ಸನ್ನದ್ಧತೆ: ಮನೆ, ಕೇರಿ, ಊರು

ತುರ್ತು ಸನ್ನದ್ಧತೆ : ನೆರೆ, ಭೂಕುಸಿತ, ಚಂಡಮಾರುತ, ಭೂಕಂಪ, ಬೆಂಕಿ, ಬಿಸಿಗಾಳಿ, ಸಾಂಕ್ರಾಮಿಕ ರೋಗ, ಅನಿಲ ಸೋರಿಕೆ ಮೊದಲಾದ ಆಪತ್ತುಗಳು ಎರಗುವ ಮುನ್ನವೇ ವ್ಯಕ್ತಿ, ಕುಟುಂಬ ಮತ್ತು ನೆರೆಹೊರೆಯವರು ಮಾಡಿಟ್ಟುಕೊಳ್ಳುವ ಏರ್ಪಾಡು. ದಾಸ್ತಾನು, ತಿಳಿವಳಿಕೆ, ಅಭ್ಯಾಸ ಮತ್ತು ಪರಸ್ಪರ ಪರಿಚಯ ನಾಲ್ಕೂ ಇದರಲ್ಲಿ ಸೇರುತ್ತವೆ. ದಾಸ್ತಾನಿನ ಬಗ್ಗೆ ಕೈಪಿಡಿಗಳು ಬೇಕಾದಷ್ಟಿವೆ. ಪರಿಚಯದ ಬಗ್ಗೆ ಬರೆದವರು ಕಡಿಮೆ. ಆದರೆ ಕಳೆದ ನಾಲ್ಕು ದಶಕಗಳ ದೊಡ್ಡ ಆಪತ್ತುಗಳನ್ನು ನೋಡಿದರೆ, ಮೊದಲ ಕೆಲವು ಗಂಟೆಗಳಲ್ಲಿ ಜೀವ ಉಳಿಸಿದ್ದು ಹೆಚ್ಚಾಗಿ ಪಕ್ಕದ ಮನೆಯವರೇ. ಆ ಹೊತ್ತಿಗೆ ರಸ್ತೆ ಕಡಿದಿರುತ್ತದೆ, ಫೋನು ಸತ್ತಿರುತ್ತದೆ, ರಕ್ಷಣಾ ಪಡೆ ಇನ್ನೂ ದಾರಿಯಲ್ಲಿರುತ್ತದೆ. ಆದ್ದರಿಂದ ಸನ್ನದ್ಧತೆಯನ್ನು ಅಳೆಯಬೇಕಾದ ಘಟಕ ಒಂಟಿ ಮನೆಯೂ ಅಲ್ಲ, ಜಿಲ್ಲೆಯೂ ಅಲ್ಲ. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸುವಷ್ಟು ದೂರದ ಕೇರಿ, ಓಣಿ ಅಥವಾ ಬಡಾವಣೆ ಎಂಬುದು ಈ ಲೇಖನದ ನಿಲುವು.

ಹಿಂದಿನ ಕ್ರಮಗಳು

ಬಯಲುಸೀಮೆಯ ಮನೆಗಳು ರಾಗಿ, ಜೋಳಗಳನ್ನು ಹಗೇವಿನಲ್ಲಿ ತುಂಬಿಡುತ್ತಿದ್ದವು. ಗಟ್ಟಿ ನೆಲ ನೋಡಿ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಒಳಗಿನ ಕೆಟ್ಟ ಗಾಳಿ ಉಸಿರು ಕಟ್ಟಿಸುತ್ತದೆ ಎಂಬ ಅರಿವು ಎಲ್ಲರಿಗೂ ಇತ್ತು. ಇಂದು ಮ್ಯಾನ್‌ಹೋಲಿಗೂ ಪಾಳುಬಾವಿಗೂ ಒಬ್ಬರನ್ನು ಎತ್ತಲು ಹೋಗಿ ಮತ್ತೊಬ್ಬರು, ಅವರನ್ನು ಎತ್ತಲು ಮೂರನೆಯವರು ಇಳಿದು ಸಾಯುವ ಸುದ್ದಿ ಓದುವಾಗ, ಆ ದೀಪದ ಜಾಣ್ಮೆ ಎಲ್ಲಿ ಹೋಯಿತು ಎನಿಸದಿರದು.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆ ಹಿಡಿಯುವ ಮುಂಚೆ ಕಟ್ಟಿಗೆ ಒಟ್ಟುವುದು, ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿಡುವುದು ಮನೆವಾರ್ತೆಯಾದರೆ, ಹಳ್ಳಕ್ಕೆ ಕಾಲುಸಂಕ ಹಾಕುವುದು ಊರವರ ಕೆಲಸವಾಗಿತ್ತು. ಕೆರೆ ನೀರಾವರಿಯ ಊರುಗಳಲ್ಲಿ ನೀರುಗಂಟಿ ತೂಬು, ಕೋಡಿಗಳ ಮೇಲೆ ಕಣ್ಣಿಟ್ಟಿರುತ್ತಿದ್ದ. ಏರಿ ಜಿನುಗತೊಡಗಿದರೆ ಗುದ್ದಲಿ, ಮಂಕರಿ ಹಿಡಿದು ಊರಿಗೆ ಊರೇ ಬರುವುದು ರೂಢಿ.

ಇದನ್ನೆಲ್ಲ ಸುವರ್ಣಯುಗವೆಂದು ಬಣ್ಣಿಸುವುದು ಸಲ್ಲದು. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಾಗ ಮನೆಮನೆಯ ದಾಸ್ತಾನು ಯಾವುದಕ್ಕೂ ಸಾಲಲಿಲ್ಲ. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಗೇವು ಇದ್ದದ್ದು ಹೊಲವಿದ್ದವರಿಗೆ. ಕೂಲಿಯವನ ಮನೆಯಲ್ಲಿ ನಾಳೆಯ ಹಿಟ್ಟೂ ಇರುತ್ತಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆ ತೊರೆದು ಊರಾಚೆಯ ಗುಡಿಸಲುಗಳಲ್ಲಿ ಇದ್ದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದರಲ್ಲಿ ಆ ಅನುಭವದ ಪಾಲೂ ಇದೆ.

ಮೊದಲು ಬರುವವರು

1995ರ ಜನವರಿ 17ರ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಜಪಾನಿನ ಕೋಬೆ ನಗರ ನಡುಗಿತು. 6,434 ಮಂದಿ ಸತ್ತರು. ಕುಸಿದ ಮನೆಗಳಡಿ ಸಿಕ್ಕಿಬಿದ್ದು ಹೊರಬಂದವರು ಸುಮಾರು 35,000 ಎಂದು ಅಂದಾಜು. ಅವರಲ್ಲಿ ಮುಕ್ಕಾಲು ಪಾಲಿನವರನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಯವರು. ಪೊಲೀಸರು, ಅಗ್ನಿಶಾಮಕ ದಳ ಮತ್ತು ಸೇನೆಯವರು ಸೇರಿ ತೆಗೆದದ್ದು ಉಳಿದ ಕಾಲು ಪಾಲು. ಅದೇ ನಗರದ ನಾಗಾತಾ ವಾರ್ಡಿನ ಮಾನೊ ಎಂಬ ಬಡಾವಣೆಯಲ್ಲಿ ಜನ ಸಾಲುಗಟ್ಟಿ ನಿಂತು ಬಕೆಟ್ಟಿನಿಂದ ಬಕೆಟ್ಟಿಗೆ ನೀರು ದಾಟಿಸಿ ಬೆಂಕಿ ಹರಡದಂತೆ ತಡೆದರು. ಆ ಜನಕ್ಕೆ ಒಟ್ಟಾಗಿ ಕೆಲಸ ಮಾಡುವ ಅಭ್ಯಾಸ ಅಂದು ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಕಾರ್ಖಾನೆಗಳ ಹೊಗೆಯ ವಿರುದ್ಧ ಹೋರಾಡಲು ಸೇರಿದವರು ಮುಂದೆ ಮುದುಕರ ಆರೈಕೆ, ಬಡಾವಣೆಯ ಅಭಿವೃದ್ಧಿ ಎಂದು ಮೂವತ್ತು ವರ್ಷ ಜೊತೆಗೇ ಇದ್ದರು.

ಆದರೆ ಬರಿಯ ಹುಮ್ಮಸ್ಸು ಅಪಾಯಕಾರಿ. 1985ರ ಮೆಕ್ಸಿಕೊ ನಗರದ ಭೂಕಂಪದಲ್ಲಿ ಸಾಮಾನ್ಯ ಜನ ಅವಶೇಷಗಳೊಳಗೆ ನುಸುಳಿ ನೂರಾರು ಮಂದಿಯನ್ನು ಉಳಿಸಿದರು. ಆ ಯತ್ನದಲ್ಲಿ ನೂರಕ್ಕೂ ಹೆಚ್ಚು ಸ್ವಯಂಸೇವಕರು ತಾವೇ ಸತ್ತರು. ಇದನ್ನು ಕಂಡ ಲಾಸ್ ಏಂಜಲೀಸ್‌ನ ಅಗ್ನಿಶಾಮಕ ಇಲಾಖೆ ನಾಗರಿಕರಿಗೆ ತರಬೇತಿ ಕೊಡಲು ಮುಂದಾಯಿತು. ಈ ಮಾದರಿ ಅಮೆರಿಕದುದ್ದಕ್ಕೂ ಹರಡಿತು. ಅಲ್ಲಿ ಕಲಿಸುವುದರಲ್ಲಿ ಮುಖ್ಯವಾದದ್ದು, ಎಲ್ಲಿಗೆ ಹೋಗಬಾರದು ಎಂಬುದು.

2018ರ ಆಗಸ್ಟಿನ ಕೇರಳದ ಪ್ರವಾಹದಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿಕೊಂಡು ಒಳನಾಡಿಗೆ ಬಂದದ್ದು ದೇಶಕ್ಕೆಲ್ಲ ಗೊತ್ತು. ಅದೇ ತಿಂಗಳು ಕೊಡಗಿನಲ್ಲಿ ಮಡಿಕೇರಿಯ ಸುತ್ತಿನ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಗುಡ್ಡಗಳು ಜರಿದವು. ಕಾಡು, ತೋಟಗಳ ನಡುವೆ ಚದುರಿದ ಒಂಟಿ ಮನೆಗಳ ನಾಡು ಅದು. ರಸ್ತೆಯೇ ಜಾರಿಹೋದ ಮೇಲೆ, ಯಾವ ಮನೆಯಲ್ಲಿ ಎಷ್ಟು ಜನ, ತೋಟದೊಳಗಿನ ಕಾಲುದಾರಿ ಯಾವುದು ಎಂಬ ತಿಳಿವಳಿಕೆ ಊರವರ ತಲೆಯಲ್ಲಿ ಮಾತ್ರ ಇರುತ್ತದೆ.

ಮನೆಯ ಏರ್ಪಾಡು

ಸಾಮಾನ್ಯವಾಗಿ ಮೂರು ದಿನ, ಅಂದರೆ 72 ಗಂಟೆ, ಹೊರಗಿನ ನೆರವಿಲ್ಲದೆ ನಿಭಾಯಿಸುವಷ್ಟು ಸಿದ್ಧತೆ ಇರಬೇಕೆಂದು ಹೇಳುತ್ತಾರೆ. ಇದರಲ್ಲಿ ನೀರೇ ಮೊದಲು. ಕುಡಿಯಲು ಮತ್ತು ಊಟಕ್ಕೆ ತಲೆಗೆ ದಿನಕ್ಕೆ 3 ಲೀಟರ್ ಎಂದಿಟ್ಟುಕೊಂಡರೂ ನಾಲ್ವರ ಮನೆಗೆ ಮೂರು ದಿನಕ್ಕೆ 36 ಲೀಟರ್ ಬೇಕು. ಮುಚ್ಚಳ ಭದ್ರವಾಗಿರುವ 20 ಲೀಟರಿನ ಎರಡು ಕ್ಯಾನುಗಳಾದರೆ ಸಾಕು. ತೊಳೆಯುವುದು, ಬಳಿಯುವುದು ಎಲ್ಲ ಸೇರಿ ನೆರವು ಸಂಸ್ಥೆಗಳು ಪಾಲಿಸುವ ಅಂತರರಾಷ್ಟ್ರೀಯ ಮಾನದಂಡ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್.

ಮಳೆಯಲ್ಲಿ ಮುಳುಗಿದ ಊರಿಗೆ ಕುಡಿಯುವ ನೀರೇ ಇಲ್ಲವಾಗುವುದು ವಿಚಿತ್ರವೆನಿಸಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲೇ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪಿಂಗ್ ಘಟಕಕ್ಕೆ ನೀರು ನುಗ್ಗಿ ನಗರದ ಹಲವು ಭಾಗಗಳಿಗೆ ಕಾವೇರಿ ನೀರು ನಿಂತಿತು. ಸುಮಾರು 100 ಕಿ.ಮೀ. ದೂರದಿಂದ ಮೇಲಕ್ಕೆತ್ತಿ ತರುವ ನೀರನ್ನು ನಂಬಿದ ನಗರದ ಪಾಡು ಇದು. ನೆರೆ ಬಂದಾಗ ಬಾವಿ, ಸಂಪುಗಳಿಗೆ ಚರಂಡಿ ನೀರು ಸೇರುವುದರಿಂದ ಕುದಿಸದೆ ಅಥವಾ ಕ್ಲೋರಿನ್ ಮಾತ್ರೆ ಹಾಕದೆ ಕುಡಿಯಬಾರದು. ಭೇದಿಯಾದರೆ ಓಆರ್‌ಎಸ್ ಪೊಟ್ಟಣ. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಚಮಚವೆಂದರೆ ಟೀ ಚಮಚ.

ಆಹಾರದ ವಿಷಯದಲ್ಲಿ ವಿದೇಶಿ ಕೈಪಿಡಿಗಳ ಡಬ್ಬಿ ಊಟ ನಮಗೆ ಬೇಕಿಲ್ಲ. ಅವಲಕ್ಕಿ, ಹುರಿಹಿಟ್ಟು, ಹುರಿಗಡಲೆ, ಬೆಲ್ಲ, ಶೇಂಗಾ ಚಟ್ನಿ, ಖಡಕ್ ರೊಟ್ಟಿಗಳಿಗೆ ಒಲೆ ಬೇಕಾಗುವುದಿಲ್ಲ, ಬೇಗ ಕೆಡುವುದೂ ಇಲ್ಲ. ಉತ್ತರ ಕರ್ನಾಟಕದಲ್ಲಿ ನೆರೆಯ ಕಾಲಕ್ಕೆ ಖಡಕ್ ರೊಟ್ಟಿಯ ಗಂಟುಗಳು ಪರಿಹಾರ ಕೇಂದ್ರಗಳಿಗೆ ಬರುವುದು ಇದಕ್ಕೇ. ಬೇರೆಯಾಗಿ ಕಟ್ಟಿಟ್ಟು ಮರೆಯುವ ಬದಲು, ನಿತ್ಯ ಬಳಸುವುದನ್ನೇ ಸ್ವಲ್ಪ ಹೆಚ್ಚಿಗೆ ತಂದು, ಹಳೆಯದನ್ನು ಮೊದಲು ಮುಗಿಸುತ್ತ ಹೋದರೆ ದಾಸ್ತಾನು ತಾನಾಗಿ ಹೊಸದಾಗುತ್ತಿರುತ್ತದೆ.

ಉಳಿದವು ಚಿಕ್ಕವು, ಆದರೆ ಹುಡುಕುವಾಗ ಸಿಗದಂಥವು: ಟಾರ್ಚು, ಬೆಂಕಿಪೆಟ್ಟಿಗೆ, ಪವರ್ ಬ್ಯಾಂಕ್, ಹಗ್ಗ, ಪೀಪಿ, ಕನ್ನಡಕದ ಇನ್ನೊಂದು ಜೋಡಿ, ಮುಟ್ಟಿನ ಬಟ್ಟೆ, ಒಂದಿಷ್ಟು ಚಿಲ್ಲರೆ ನೋಟು. ಕರೆಂಟು ಹೋಗಿ ಫೋನು ಸತ್ತರೆ ಯುಪಿಐ ನಡೆಯುವುದಿಲ್ಲ ಎಂಬುದನ್ನು ನಗರದವರು ಬೇಗ ಮರೆತಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗದ ಮಾತ್ರೆಗಳು ಕನಿಷ್ಠ ಒಂದು ವಾರಕ್ಕಾಗುವಷ್ಟು ಮನೆಯಲ್ಲಿರಬೇಕು. ಇನ್ಸುಲಿನ್ ತಂಪಾಗಿಡಲು ಮಣ್ಣಿನ ಮಡಕೆಯೂ ಆದೀತು. ಪಹಣಿ, ಹಕ್ಕುಪತ್ರ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್‌ಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಡಿಜಿಲಾಕರ್‌ನಲ್ಲೂ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ನೆರೆ ಇಳಿದ ಮೇಲೆ ಪರಿಹಾರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುವವರ ಪಾಲಿಗೆ ಆ ಚೀಲ ಅಕ್ಕಿಮೂಟೆಗಿಂತ ದೊಡ್ಡದು. ಫೋನಿನಲ್ಲಿರುವ ಸಂಖ್ಯೆಗಳನ್ನು ಕಾಗದದಲ್ಲೂ ಬರೆದಿಡಬೇಕು. ಪೊಲೀಸು, ಬೆಂಕಿ, ಆಂಬುಲೆನ್ಸ್ ಮೂರಕ್ಕೂ 112, ಆಂಬುಲೆನ್ಸಿಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಅಡುಗೆ ಅನಿಲ ಸೋರಿದರೆ 1906.

ಕೈಪಿಡಿಗಳಲ್ಲಿ ದನಕರುಗಳ ಮಾತು ಬರುವುದು ಕಡಿಮೆ, ಅದು ದೊಡ್ಡ ಲೋಪ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯಲ್ಲಿ ನೀರು ಅಂಗಳಕ್ಕೆ ಬಂದರೂ ಜನ ಏಳದಿರುವುದಕ್ಕೆ ಕೊಟ್ಟಿಗೆಯ ಎಮ್ಮೆಯೇ ಕಾರಣವಾಗಿರುವುದುಂಟು. ದನ ಕಟ್ಟಲು ಎತ್ತರದ ಜಾಗ, ಮೇವು ಮೊದಲೇ ಗೊತ್ತಾಗಿರದಿದ್ದರೆ ಎಷ್ಟು ದೋಣಿ ಕಳಿಸಿದರೂ ಅವರು ಹತ್ತುವುದಿಲ್ಲ. ಕೊರಳಹಗ್ಗ ಬಿಚ್ಚಿಬಿಡಲಾದರೂ ಒಬ್ಬರಿಗೆ ಹೊಣೆ ವಹಿಸಿರಬೇಕು.

ಮುನ್ನೆಚ್ಚರಿಕೆ ಮನೆಬಾಗಿಲಿಗೆ

ಕರ್ನಾಟಕದಲ್ಲಿ ಮಾಹಿತಿಗೆ ಬರವಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಮಳೆ ಅಳೆದು ಕಳಿಸುವ ಯಂತ್ರಗಳ ಜಾಲ ಹೊಂದಿದೆ. ರೈತರು ಫೋನು ಮಾಡಿ ಕೇಳಲು ‘ವರುಣಮಿತ್ರ’ ಇದೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಸುತ್ತದೆ: ಕ್ರಮವಾಗಿ ಗಮನವಿಡಿ, ಸಿದ್ಧರಾಗಿ, ಕಾರ್ಯಪ್ರವೃತ್ತರಾಗಿ ಎಂದು. 24 ಗಂಟೆಯಲ್ಲಿ 204 ಮಿ.ಮೀ.ಗಿಂತ ಹೆಚ್ಚು ಸುರಿದರೆ ಅದು ಅತ್ಯಂತ ಭಾರಿ ಮಳೆ. ಕರಾವಳಿಯಲ್ಲಿ ಮಾತ್ರ ಕೆಂಪು ಬಣ್ಣವೆಂದರೆ ಶಾಲೆಗೆ ರಜೆ ಎಂಬಷ್ಟೇ ಅರ್ಥ ಉಳಿದಂತಿದೆ. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ. 2023ರಲ್ಲಿ ದೇಶದ ಹಲವೆಡೆ ಮೊಬೈಲುಗಳು ಒಮ್ಮೆಲೇ ಅರಚಿ ಜನರನ್ನು ಬೆಚ್ಚಿಬೀಳಿಸಿದ ಪರೀಕ್ಷಾ ಸಂದೇಶವೂ ಇದೇ ವ್ಯವಸ್ಥೆಯ ಭಾಗ.

ಕೊನೆಯ ಮೈಲಿಯ ಕೆಲಸ ಮನುಷ್ಯರದು. ಇಂದಿನ ಬಾಂಗ್ಲಾದೇಶದಲ್ಲಿ 1970ರ ನವೆಂಬರಿನ ಭೋಲಾ ಚಂಡಮಾರುತ ಕನಿಷ್ಠ ಮೂರು ಲಕ್ಷ ಜನರನ್ನು ಕೊಂದ ಬಳಿಕ, 1972ರಲ್ಲಿ ಸ್ವಯಂಸೇವಕರ ಪಡೆಯೊಂದು ಕಟ್ಟಲ್ಪಟ್ಟಿತು. ಬಾವುಟ ಏರಿಸಿ, ಮೆಗಾಫೋನ್ ಹಿಡಿದು, ಸೈಕಲ್ಲಿನಲ್ಲಿ ಮನೆಮನೆಗೆ ಹೋಗುವ ಈ ಪಡೆಯಲ್ಲಿ ಈಗ 70,000ಕ್ಕೂ ಹೆಚ್ಚು ಮಂದಿ ಇದ್ದಾರೆ. 1991ರ ಚಂಡಮಾರುತದಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚಾಗಿ ಸತ್ತಿದ್ದರು. ಮನೆಯ ಗಂಡಸು ಬಂದು ಕರೆದೊಯ್ಯಲಿ ಎಂದು ಕಾದದ್ದು, ಮರೆಯಿಲ್ಲದ ಆಶ್ರಯತಾಣಕ್ಕೆ ಹೋಗಲು ಅಂಜಿದ್ದು ಇದಕ್ಕೆ ಕಾರಣಗಳಲ್ಲಿ ಕೆಲವು. ಈಗ ಆ ಪಡೆಯಲ್ಲಿ ಅರ್ಧದಷ್ಟು ಹೆಂಗಸರು.

ಒಡಿಶಾದ ಕತೆಯೂ ಹೀಗೆಯೇ. 1999ರ ಅಕ್ಟೋಬರಿನ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚೆಯೇ ಸಾಗಿಸಿದ್ದರಿಂದ ಸಾವು ಐವತ್ತರೊಳಗೆ ನಿಂತಿತು. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಕಟ್ಟಿದ ಆಶ್ರಯತಾಣಗಳನ್ನು ಊರ ಸಮಿತಿಗಳೇ ನೋಡಿಕೊಳ್ಳುತ್ತವೆ. ಉಳಿದ ದಿನ ಅವು ಶಾಲೆ, ಅಂಗನವಾಡಿ, ಮದುವೆ ಮಂಟಪ. ಬಳಕೆಯಲ್ಲಿರುವ ಕಟ್ಟಡದ ಬೀಗದ ಕೈ ಯಾರ ಬಳಿ ಇದೆ ಎಂದು ಮಧ್ಯರಾತ್ರಿ ಹುಡುಕಬೇಕಾಗುವುದಿಲ್ಲ.

ಯಂತ್ರವೇ ಇಲ್ಲದೆಯೂ ಎಚ್ಚರಿಕೆ ಉಳಿದುಬಂದ ಉದಾಹರಣೆ ಇಂಡೊನೇಷ್ಯದ ಸಿಮೆಯುಲು ದ್ವೀಪ. 1907ರ ಸುನಾಮಿಯ ನೆನಪನ್ನು ಅಜ್ಜ ಅಜ್ಜಿಯರು ಹಾಡು, ಕತೆಗಳಲ್ಲಿ ಉಳಿಸಿದ್ದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರಿನ ಸುನಾಮಿಯಲ್ಲಿ, ಭೂಕಂಪದ ಕೇಂದ್ರಬಿಂದುವಿಗೆ ಅಷ್ಟು ಹತ್ತಿರವಿದ್ದರೂ ಸುಮಾರು 78,000 ಜನರ ಆ ದ್ವೀಪದಲ್ಲಿ ಸತ್ತವರು 7 ಮಂದಿ. ನಮ್ಮಲ್ಲೂ ಚಿಕ್ಕೋಡಿ, ಅಥಣಿ, ಜಮಖಂಡಿಗಳ ನದಿದಂಡೆಯ ಹಳ್ಳಿಗರು ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಅದು ತಮ್ಮ ಊರಿಗೆ ಯಾವಾಗ ಮುಟ್ಟುತ್ತದೆ ಎಂದು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕುತ್ತಾರೆ. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ ಲಿಂಗಸುಗೂರಿನ ನಡುಗಡ್ಡೆಗಳ ದಾರಿ ಕಡಿಯುತ್ತದೆಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಈ ಲೆಕ್ಕ ಪಂಚಾಯಿತಿಯ ಗೋಡೆಯ ಮೇಲೆ ಬರೆಯಲ್ಪಟ್ಟಿರುವುದು ಅಪರೂಪ.

ಗುಂಪುಗಳು ಮಾಡಬಹುದಾದದ್ದು

ಹೊಸ ಸಂಘ ಕಟ್ಟುವುದಕ್ಕಿಂತ ಇರುವುದನ್ನು ಬಳಸುವುದು ಲೇಸು. ಸ್ತ್ರೀಶಕ್ತಿ ಗುಂಪು, ಹಾಲು ಉತ್ಪಾದಕರ ಸಹಕಾರ ಸಂಘ, ಯುವಕ ಮಂಡಳಿ, ಗಣೇಶೋತ್ಸವ ಸಮಿತಿ, ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಗಳಿಗೆ ಚಂದಾ ಎತ್ತುವುದು, ಸಾವಿರ ಜನಕ್ಕೆ ಅಡುಗೆ ಮಾಡಿಸುವುದು, ಮೈಕು ಕಟ್ಟುವುದು, ಜಗಳ ಬಿಡಿಸುವುದು ಮೊದಲೇ ಗೊತ್ತು. ದಿನಾ ಬೆಳಿಗ್ಗೆ ಸಂಜೆ ಹಾಲು ಹಾಕಲು ಎಲ್ಲ ಮನೆಯವರೂ ಬರುವ ಡೇರಿಗಿಂತ ಒಳ್ಳೆಯ ಸುದ್ದಿಕೇಂದ್ರ ಹಳ್ಳಿಯಲ್ಲಿ ಇನ್ನೊಂದಿಲ್ಲ.

ಮೊದಲ ಕೆಲಸ ಪಟ್ಟಿ. ಒಂಟಿಯಾಗಿರುವ ಮುದುಕರು, ಹಾಸಿಗೆ ಹಿಡಿದವರು, ತುಂಬು ಬಸುರಿಯರು, ಡಯಾಲಿಸಿಸ್‌ಗೆ ಹೋಗುವವರು, ಕಿವಿ ಕೇಳದವರು ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರು ಎತ್ತಿಕೊಂಡು ಬರುತ್ತಾರೆ ಎಂದು ಹೆಸರು ಹಿಡಿದು ಬರೆಯಬೇಕು. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿಯ ನೆರವಿದ್ದರೆ ಇದು ಬೇಗ ಮುಗಿಯುವ ಕೆಲಸ. 1995ರ ಜುಲೈನಲ್ಲಿ ಶಿಕಾಗೊದಲ್ಲಿ ಬಿಸಿಗಾಳಿಗೆ 739 ಜನ ಸತ್ತಾಗ ಸಮಾಜವಿಜ್ಞಾನಿ ಎರಿಕ್ ಕ್ಲೈನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿ ನೋಡಿದರು. ಬಡತನ, ಒಂಟಿ ಮುದುಕರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಸಾವಿನ ದರ ಮಾತ್ರ ಒಂದರಲ್ಲಿ ಸುಮಾರು ಹತ್ತು ಪಟ್ಟು. ಸಾವು ಕಡಿಮೆಯಿದ್ದ ಕಡೆ ಬೀದಿಯಲ್ಲಿ ಅಂಗಡಿಗಳಿದ್ದವು, ಜನಸಂಚಾರವಿತ್ತು, ಮುದುಕರು ಹೊರಗೆ ಬರುತ್ತಿದ್ದರು, ಬರದಿದ್ದರೆ ಯಾಕೆಂದು ಕೇಳುವವರಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಕಲಬುರಗಿ ಭಾಗಕ್ಕೆ ಈ ಅಧ್ಯಯನ ನೇರವಾಗಿ ಅನ್ವಯಿಸುತ್ತದೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿ ತಂದೆತಾಯಿ ಇಬ್ಬರೇ ಉಳಿದ ಮಲೆನಾಡಿನ ಮನೆಗಳಿಗೂ ಅಷ್ಟೇ.

ಎರಡನೆಯದು ಊರ ನಕ್ಷೆ: ಯಾವ ಓಣಿಗೆ ನೀರು ಮೊದಲು ನುಗ್ಗುತ್ತದೆ, ಟ್ರಾನ್ಸ್‌ಫಾರ್ಮರ್ ಎಲ್ಲಿದೆ, ಯಾರ ಬಳಿ ಟ್ರ್ಯಾಕ್ಟರ್, ಜೆಸಿಬಿ, ದೋಣಿ, ಜನರೇಟರ್, ಮರ ಕೊಯ್ಯುವ ಯಂತ್ರ ಇವೆ, ಹತ್ತಿರದಲ್ಲಿ ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆ ಯಾವುದು. ನೆರೆಯ ನೀರಿನೊಂದಿಗೆ ಹಾವೂ ಮನೆಯೊಳಗೆ ಬರುತ್ತದೆ. ಕಚ್ಚಿದ ಜಾಗವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದನ್ನು ಕರ್ನಾಟಕ 2024ರಲ್ಲಿ ಕಡ್ಡಾಯಗೊಳಿಸಿದೆ.

ಅಣಕು ಕಾರ್ಯಾಚರಣೆಗಳು ನಮ್ಮಲ್ಲಿ ಭಾಷಣ, ಫೋಟೊಗಳಲ್ಲಿ ಮುಗಿಯುವುದೇ ಹೆಚ್ಚು. ನಿಜವಾದ ಅಭ್ಯಾಸಕ್ಕೆ ಗಡಿಯಾರ ಬೇಕು. ರಾತ್ರಿ ಹೊತ್ತು, ದೀಪ ಆರಿಸಿ, ಹಾಸಿಗೆ ಹಿಡಿದವರನ್ನು ಕುರ್ಚಿಯಲ್ಲಿ ಹೊತ್ತು ಮೂರನೇ ಮಹಡಿಯಿಂದ ಇಳಿಸಲು ಎಷ್ಟು ನಿಮಿಷ ಬೇಕಾಯಿತು ಎಂದು ನೋಡಿದರೆ ಮೆಟ್ಟಿಲಲ್ಲಿ ಪೇರಿಸಿಟ್ಟ ಸೈಕಲ್ಲುಗಳ ಅಪಾಯ ತಾನಾಗಿ ಕಾಣುತ್ತದೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಮಂದಿ ಸತ್ತರು. ಹೊಗೆ ತುಂಬಿದ ಮಹಡಿಗಳಿಂದ ಜಿಗಿದವರೂ ಅವರಲ್ಲಿದ್ದರು.

ಹೊರಗಿನಿಂದ ಬರುವ ನೆರವನ್ನು ಸಂಭಾಳಿಸುವುದೂ ಗುಂಪಿನ ಕೆಲಸವೇ. 2004ರ ಸುನಾಮಿಯ ಬಳಿಕ ನಾಗಪಟ್ಟಣದ ರಸ್ತೆಬದಿಗಳಲ್ಲಿ ಹಳೆಬಟ್ಟೆಯ ರಾಶಿ ಬಿದ್ದಿತ್ತು, ಮೀನುಗಾರರು ಅದನ್ನು ಮುಟ್ಟಲಿಲ್ಲ. ಏನು ಬೇಕು, ಏನು ಬೇಡ ಎಂದು ದಿನಕ್ಕೊಮ್ಮೆ ಹೇಳುವ ಒಂದೇ ಬಾಯಿ ಊರಿಗೆ ಇರಬೇಕು.

ಒಗ್ಗಟ್ಟಿನ ಇನ್ನೊಂದು ಮುಖ

ಸಮುದಾಯ ಎಂದ ಕೂಡಲೇ ಎಲ್ಲರೂ ಅದರೊಳಗೆ ಇದ್ದಾರೆಂದು ತಿಳಿಯಬಾರದು. ಕೋಬೆಯ ನೆರೆಹೊರೆಯನ್ನು ಕೊಂಡಾಡಿದ ಸಂಶೋಧಕ ಡ್ಯಾನಿಯಲ್ ಆಲ್ಡ್ರಿಚ್ ಅವರೇ ತಮಿಳುನಾಡಿನ ಸುನಾಮಿಪೀಡಿತ ಹಳ್ಳಿಗಳಲ್ಲಿ ಕಂಡದ್ದು ಬೇರೆ. ಬಲವಾದ ಜಾತಿ ಪಂಚಾಯಿತಿಗಳಿದ್ದ ಊರುಗಳು ನೆರವನ್ನು ಬೇಗ ಪಡೆದವು. ದಲಿತರು, ವಿಧವೆಯರು ಮತ್ತಿತರ ಹೊರಗಿನವರ ಹೆಸರು ಮಾತ್ರ ಅದೇ ಪಂಚಾಯಿತಿಗಳ ಪಟ್ಟಿಯಿಂದ ಬಿಟ್ಟುಹೋಯಿತು. ನಮ್ಮಲ್ಲಿ ಕಾಫಿ ತೋಟದ ಲೈನ್‌ಮನೆಯ ಕೂಲಿಗಳು, ಕಬ್ಬು ಕಡಿಯಲು ಬಂದ ಗುಂಪುಗಳು, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುವವರು ಯಾವ ಊರಿನ ಪಟ್ಟಿಯಲ್ಲೂ ಇರುವುದಿಲ್ಲ. ನೀರು ಮೊದಲು ನುಗ್ಗುವ, ಗುಡ್ಡ ಮೊದಲು ಜರಿಯುವ ಜಾಗದಲ್ಲಿ ಇರುವವರು ಬಹುಪಾಲು ಅವರೇ. ಗಂಜಿ ಕೇಂದ್ರದಲ್ಲಿ ಪಂಕ್ತಿ ಎಲ್ಲಿ, ಅಡುಗೆ ಯಾರದು ಎಂಬ ಪ್ರಶ್ನೆ ಎದ್ದರೆ ಅಲ್ಲಿ ಸಮುದಾಯದ ಸನ್ನದ್ಧತೆ ಇನ್ನೂ ಆರಂಭವಾಗಿಲ್ಲ ಎಂದೇ ಹೇಳಬೇಕು.

ಜನರ ತಾಳಿಕೆಯನ್ನು ಹೊಗಳುವುದು ಸರ್ಕಾರಗಳಿಗೆ ಅನುಕೂಲವೂ ಹೌದು. ರಾಜಕಾಲುವೆಯ ಒತ್ತುವರಿಗೆ ಮೂರು ದಿನದ ಅವಲಕ್ಕಿ ಪರಿಹಾರವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆಬದಿಯ ಹೋಟೆಲು, ನಿಂತ ವಾಹನಗಳು, ಜನ ಗಂಗಾವಳಿ ನದಿಯ ಪಾಲಾದರು. ಹೆದ್ದಾರಿಯ ಅಗಲೀಕರಣಕ್ಕೆ ಗುಡ್ಡದ ಬುಡ ಕಡಿದಿದ್ದ ಜಾಗ ಅದು. 2009ರ ಉತ್ತರ ಕರ್ನಾಟಕದ ನೆರೆಯ ಬಳಿಕ ‘ಆಸರೆ’ ಯೋಜನೆಯಲ್ಲಿ ಎತ್ತರದಲ್ಲಿ ಕಟ್ಟಿಕೊಟ್ಟ ಮನೆಗಳಿಗೂ ಜನ ಪೂರ್ತಿಯಾಗಿ ಹೋಗಲಿಲ್ಲ. ಹೊಲ ದೂರವಾಯಿತು, ಕೊಟ್ಟಿಗೆಗೆ ಜಾಗವಿರಲಿಲ್ಲ.

ಕಾನೂನು ಮತ್ತು ಹಣ

2005ರ ವಿಪತ್ತು ನಿರ್ವಹಣಾ ಕಾಯ್ದೆ ರಾಷ್ಟ್ರ, ರಾಜ್ಯ, ಜಿಲ್ಲೆ ಎಂದು ಮೂರು ಪ್ರಾಧಿಕಾರಗಳನ್ನು ರಚಿಸಿತು. ಅವುಗಳ ಮುಖ್ಯಸ್ಥರು ಕ್ರಮವಾಗಿ ಪ್ರಧಾನಿ, ಮುಖ್ಯಮಂತ್ರಿ, ಜಿಲ್ಲಾಧಿಕಾರಿ. 2016ರಲ್ಲಿ ನೆರೆಪೀಡಿತ 30 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾದ ‘ಆಪದ ಮಿತ್ರ’ ಯೋಜನೆಯನ್ನು ಆಮೇಲೆ 350 ಜಿಲ್ಲೆಗಳಿಗೆ ವಿಸ್ತರಿಸಿ, ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ಮತ್ತು ರಕ್ಷಣಾ ಸಾಮಗ್ರಿ ಕೊಡುವ ಗುರಿ ಇಡಲಾಯಿತು. ಹದಿನೈದನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ. 20ನ್ನು ಹಾನಿ ತಗ್ಗಿಸುವ ಕೆಲಸಕ್ಕೂ ಶೇ. 10ನ್ನು ಸಿದ್ಧತೆ ಮತ್ತು ತರಬೇತಿಗೂ ಹಂಚಿತು. ಉಳಿದದ್ದು ಪರಿಹಾರ ಮತ್ತು ಪುನರ್ನಿರ್ಮಾಣಕ್ಕೆ. 2025ರ ತಿದ್ದುಪಡಿ ರಾಜ್ಯಗಳ ರಾಜಧಾನಿಗಳಿಗೂ ಮಹಾನಗರ ಪಾಲಿಕೆಗಳಿರುವ ನಗರಗಳಿಗೂ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವಕಾಶ ಕೊಟ್ಟಿತು. ಗ್ರಾಮ ಪಂಚಾಯಿತಿಗೆ ಅಂಥದೇ ಪ್ರಾಧಿಕಾರ ಆ ತಿದ್ದುಪಡಿಯಲ್ಲಿ ಇಲ್ಲ.